ಹದಿನೇಳನೆಯ ಪ್ರಶ್ನೆ

ಏಳುನೂರ ಹನ್ನೆರಡು ಮನೆ ಕೆಡವಿದ್ದು ಬುಲ್ಡೋಜರ್ ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳು. ಕೆಡವಿದ್ದು ಒಂದು ಪ್ರಶ್ನೆ. ಆ ಪ್ರಶ್ನೆಗೆ ಮಾತು ಹೊಂದಿಸಿ ಕೊಟ್ಟವಳು ನಾನು. ಅದಕ್ಕೆ ಚಪ್ಪಾಳೆಯನ್ನೂ ತಟ್ಟಿಸಿಕೊಂಡಿದ್ದೆ.

ನನ್ನ ಹೆಸರು ಅಪೊಂಡಿ. ಹುಟ್ಟಿದ್ದು ನೈರೋಬಿಯಲ್ಲಿ, ರೈಲು ಹಳಿಗೆ ಅಂಟಿಕೊಂಡ ತಗಡಿನ ಕೇರಿಯಲ್ಲಿ. ಅದಕ್ಕೆ ರೇಲಿನಿ ಎಂದು ಹೆಸರು. ಕೆಲಸ ಬಟ್ಟೆ ಒಗೆಯುವುದು. ಹಳಿಯ ಆಚೆ ಫ್ಲಾಟುಗಳಿವೆ. ಬೆಳಿಗ್ಗೆ ಆರಕ್ಕೆ ಅವುಗಳ ಗೇಟಿನ ಗೋಡೆ ಬುಡದಲ್ಲಿ ಹೋಗಿ ಕೂರಬೇಕು. ಫ್ಲಾಟಿನ ಹೆಂಗಸರು ಬಂದು ಸಂತೆಯಲ್ಲಿ ಕೋಳಿ ಆರಿಸುವ ಹಾಗೆ ನಮ್ಮನ್ನು ನೋಡುತ್ತಾರೆ. "ನೀನು ಬಾ" ಎಂದರೆ ಅವತ್ತು ಒಲೆ ಹತ್ತುತ್ತದೆ. ಇಲ್ಲದಿದ್ದರೆ ಇಲ್ಲ. ಹದಿನಾಲ್ಕು ವರ್ಷ ಕಂಬಳಿ, ಪರದೆ, ಮಕ್ಕಳ ಉಚ್ಚೆಬಟ್ಟೆ, ಗಂಡಸರ ಕಾಲರು ಉಜ್ಜಿದ್ದೇನೆ. ಸೋಡಾಪುಡಿ ಮೊದಲು ಉಗುರಿನ ಸಂದು ತಿನ್ನುತ್ತದೆ, ಆಮೇಲೆ ಬೆರಳಿನ ತುದಿ. ನನ್ನ ಬೆರಳ ತುದಿಗಳು ಸವೆದ ಸೋಪಿನ ಚೂರಿನಂತೆ ನುಣುಪು. ಗೆರೆಯೇ ಇಲ್ಲ.

ಟೋವುತಿಯವರು ಬಂದದ್ದು ಒಂದು ಜೂನ್ ತಿಂಗಳಲ್ಲಿ. ಅವರ ಸಂಸ್ಥೆಗೆ ಉದ್ದದ ಇಂಗ್ಲಿಷ್ ಹೆಸರಿತ್ತು, ನಮ್ಮ ಬಾಯಿಗೆ ಹಿಡಿಯಲಿಲ್ಲ. ಅವರು ಮಾತೆತ್ತಿದರೆ ಟೋವುತಿ ಎನ್ನುತ್ತಿದ್ದರು, ಅಂದರೆ ವೆಬ್‌ಸೈಟು. ನಾವೂ ಅದೇ ಹೆಸರಿಟ್ಟೆವು. ಅದರ ಯಜಮಾನ ಡಂಕನ್, ಮೂವತ್ತೈದರ ಆಸುಪಾಸಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ದನಿ. ಚರ್ಚಿನ ಅಂಗಳದಲ್ಲಿ ಸಭೆ ಸೇರಿಸಿ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ನಗರದ ನಕ್ಷೆ ಬಿಟ್ಟು ತೋರಿಸಿದ.

"ನೋಡಿ, ಸರ್ಕಾರದ ನಕ್ಷೆ ಇದು. ರೇಲಿನಿ ಇರೋ ಜಾಗದಲ್ಲಿ ಏನಿದೆ? ಬರೀ ಹಸಿರು ಬಣ್ಣ. ಅಂದ್ರೆ ಕಾಡು. ಅವರ ಲೆಕ್ಕದಲ್ಲಿ ನೀವ್ಯಾರೂ ಇಲ್ಲ."

"ಕಾಡಾ? ಹಂಗಾರೆ ನಾವೇನಪ್ಪ, ಮಂಗಗಳಾ?" ಎಂದು ಮುಂದೆ ಕೂತಿದ್ದ ನಮ್ಮ ಕೇರಿಯ ಮುದುಕಿ ನ್ಯಾರ್ ಯಿಂಬೊ ಕೂಗಿದಳು. ಜನ ಹೋ ಎಂದು ನಕ್ಕರು.

"ಅದನ್ನೇ ನಾನೂ ಹೇಳ್ತಿರೋದು ಅಮ್ಮ. ನಕ್ಷೇಲಿ ಇಲ್ಲದೋರಿಗೆ ನಲ್ಲಿ ಇಲ್ಲ, ಕಕ್ಕಸು ಇಲ್ಲ, ಆಂಬುಲೆನ್ಸ್ ಇಲ್ಲ. ನಿಮ್ಮ ನಕ್ಷೇನ ನೀವೇ ಬರೀಬೇಕು. ನಾವು ಅದನ್ನ ಇಡೀ ಲೋಕಕ್ಕೆ ತೋರಿಸ್ತೀವಿ."

ಡಂಕನ್ ಕೆಟ್ಟವನಲ್ಲ. ಈ ಕತೆಯಲ್ಲಿ ಕೆಟ್ಟವನೊಬ್ಬ ಇದ್ದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಕೇರಿಯವರೇ ಕೆಲಸ ಮಾಡಬೇಕು ಎಂದು ನಾಲ್ಕು ಹೆಂಗಸರನ್ನು ಆರಿಸಿದರು. ಓದು ಬರಹ ಬರಬೇಕು, ಪ್ರತಿ ಬಾಗಿಲೂ ಗೊತ್ತಿರಬೇಕು. ನನಗೆ ಎರಡೂ ಇತ್ತು. ಹಳದಿ ಜಾಕೀಟು ಕೊಟ್ಟರು, ಫೋನು ಕೊಟ್ಟರು. ಫೋನು ತೆರೆಯಬೇಕಾದರೆ ಹೆಬ್ಬೆಟ್ಟು ಒತ್ತಬೇಕು. ಒತ್ತಿದೆ. ಫೋನು ಗುರ್ ಎಂದು ನಡುಗಿತು.

"ಬೇರೆ ಬೆರಳಿಡಿ ಅಪೊಂಡಿ" ಎಂದ ಡಂಕನ್.

ಇಟ್ಟೆ. ಹತ್ತೂ ಇಟ್ಟೆ. ಹತ್ತು ಸಲವೂ ನಡುಗಿತು. ಕಂಪ್ಯೂಟರ್ ಮುಂದಿದ್ದವನೊಬ್ಬ "ಕಾಲ್ಬೆರಳು ಉಳಿದಿದೆಯಲ್ಲಾ ಮೇಡಂ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದವರಿಗೆ ಕೆಲಸ ಸಿಗುವುದಿಲ್ಲ ಎಂದು ಗೋಡೆ ಬುಡ ನನಗೆ ಕಲಿಸಿತ್ತು.

"ಒಂದು ವಾರ ಬಟ್ಟೆ ಒಗೀಬೇಡಿ. ಗೆರೆ ವಾಪಸ್ ಬರುತ್ತಂತೆ" ಎಂದ ಡಂಕನ್, ನಿಜವಾಗಿಯೂ ಮರುಕದಿಂದ. ಒಂದು ವಾರ ಉಣ್ಣಬೇಡಿ ಎಂದ ಹಾಗಾಯಿತು. ಕಡೆಗೆ ನನ್ನ ಫೋನಿಗೆ ಮಾತ್ರ ನಾಲ್ಕು ಅಂಕಿಯ ಗುಟ್ಟಿನ ನಂಬರು ಹಾಕಿಕೊಟ್ಟರು. ಕಚೇರಿಯಲ್ಲಿ ನನಗೆ ಬೆರಳಿಲ್ಲದವಳು ಎಂದು ಹೆಸರು ಬಿತ್ತು.

ಒಟ್ಟು ಇಪ್ಪತ್ಮೂರು ಪ್ರಶ್ನೆ. ಮನೆಯಲ್ಲಿ ಎಷ್ಟು ಜನ, ನೀರು ಎಲ್ಲಿಂದ, ಕಕ್ಕಸಿಗೆ ಎಲ್ಲಿಗೆ, ಒಲೆ ಯಾವುದು. ಇಂಗ್ಲಿಷಿನಲ್ಲಿದ್ದುದನ್ನು ಕಂಪ್ಯೂಟರೇ ಸ್ವಾಹಿಲಿಗೆ ತಿರುಗಿಸಿತ್ತು. ಹದಿನೇಳನೆಯದು ಹೀಗಿತ್ತು: ನಿಮ್ಮ ಶಾಶ್ವತ ವಾಸಸ್ಥಾನ ಯಾವುದು?

ನಾನು ಕೈ ಎತ್ತಿದೆ. "ಸರ್, ಇದು ಯಾರ ಭಾಷೆ? ಪಾದ್ರಿ ಸತ್ತೋರ ಮುಂದೆ ಓದ್ತಾರಲ್ಲ, ಹಂಗಿದೆ. ಶಾಶ್ವತ ಅಂದ್ರೆ ನಮ್ಮ ಜನ ಸ್ವರ್ಗ ಅಂತಾರೆ."

"ಹಾಗಾದ್ರೆ ನೀವಾದ್ರೆ ಹೇಗೆ ಕೇಳ್ತೀರಿ?"

"ಕ್ವೆನು ನಿ ವಾಪಿ. ಯಾವೂರು ನಿಮ್ದು. ಅಷ್ಟೇ."

ಡಂಕನ್ ಎದ್ದು ನಿಂತು ಚಪ್ಪಾಳೆ ತಟ್ಟಿದ. "ಇದು ಬೇಕಿತ್ತು ನಮಗೆ! ಇದಕ್ಕೇ ಸಮುದಾಯದವರು ಬೇಕು ಅನ್ನೋದು!" ಉಳಿದವರೂ ತಟ್ಟಿದರು. ಬದುಕಿನಲ್ಲಿ ನನಗೆ ಮೊದಲ ಸಲ ಯಾರೋ ಚಪ್ಪಾಳೆ ತಟ್ಟಿದ್ದು. ಅವತ್ತು ಸಂಜೆ ಕೇರಿಯ ಗಲ್ಲಿಯಲ್ಲಿ ಜಾಕೀಟು ಕಳಚದೆ ಎರಡು ಸುತ್ತು ಹೆಚ್ಚಿಗೇ ಓಡಾಡಿದೆ.

ನಮ್ಮಲ್ಲಿ ಮನೆ ಬೇರೆ, ಊರು ಬೇರೆ. ನೈರೋಬಿಯಲ್ಲಿರುವುದು ಮನೆ. ನಲವತ್ತು ವರ್ಷ ಇದ್ದರೂ ಅದು ಮನೆಯೇ. ಊರು ಎಂದರೆ ದಾಲಾ, ಅಪ್ಪನ ಅಪ್ಪ ಬೇಲಿ ಹಾಕಿದ ಜಾಗ, ಹೊಕ್ಕುಳಬಳ್ಳಿ ಹೂಳುವ ಜಾಗ, ಕೊನೆಗೆ ನಮ್ಮನ್ನೂ ಹೂಳುವ ಜಾಗ. ಹೆಣ್ಣಿಗಾದರೆ ಗಂಡನ ದಾಲಾ. ಅಲ್ಲಿ ಗುಡಿಸಲು ಬಿದ್ದು ಗೆದ್ದಲು ಹಿಡಿದಿರಬಹುದು, ದಾಯಾದಿ ಉತ್ತುಕೊಂಡಿರಬಹುದು, ನಾವು ಎರಡೇ ಸಲ ಹೋಗಿರಬಹುದು, ಅದೂ ಸಾವಿಗೆ. ಆದರೂ ಯಾವೂರು ಎಂದರೆ ಅದೇ. ಊರಿಲ್ಲ ಎನ್ನುವ ಬಾಯಿ ನಮ್ಮ ಜನರಲ್ಲಿಲ್ಲ. ಊರಿಲ್ಲದವರು ಎಂದರೆ ಯಾರಿಗೋ ಹುಟ್ಟಿದವರು, ಎಲ್ಲೋ ಸಾಯುವವರು.

ನಾನು ಮನೆ ಮನೆ ಸುತ್ತಿದೆ. ಉಳಿದ ಪ್ರಶ್ನೆಗಳಿಗೆ ಜನ ಗೊಣಗುತ್ತಿದ್ದರು. "ಕಕ್ಕಸಿಗೆ ಎಲ್ಲಿಗಾ? ಬಾ, ಕರ್ಕೊಂಡು ಹೋಗ್ತೀನಿ, ನೀನೂ ಕೂತ್ಕೋ" ಎನ್ನುತ್ತಿದ್ದರು. ಹದಿನೇಳಕ್ಕೆ ಬಂದಾಗ ಮಾತ್ರ ಮುಖ ಅರಳುತ್ತಿತ್ತು. ಬೆನ್ನು ನೆಟ್ಟಗಾಗುತ್ತಿತ್ತು. "ನಮ್ದಾ? ಬುಸಿಯಾ ಕಡೆ." "ನಮ್ದು ಮಚಾಕೋಸ್, ಮಾವಿನ ತೋಪು ಐತೆ." "ನಂದು ಕಾಕಮೇಗ ಕಣಕ್ಕ, ಮಣ್ಣು ನೋಡ್ಬೇಕು ನೀನು, ತಿನ್ನಂಗೈತೆ." ಹೊಟ್ಟೆಗಿಲ್ಲದವರೂ ಊರಿನ ಮಾತು ಬಂದರೆ ಶ್ರೀಮಂತರು. ನಾನು ಪಟ್ಟಿಯಲ್ಲಿ ಆ ಊರಿನ ಹೆಸರು ಹುಡುಕಿ ಒತ್ತುತ್ತಿದ್ದೆ. ನನ್ನ ಮನೆಗೂ ನಾನೇ ಉತ್ತರ ಬರೆದೆ. ಸಾಕ್ವಾ, ಅಪ್ಪನ ಊರು. ಅಪ್ಪನನ್ನು ಹೂಳಲು ಹೋದದ್ದು ಬಿಟ್ಟರೆ ಅಲ್ಲಿ ನನಗೆ ಏನೂ ಇಲ್ಲ.

ನ್ಯಾರ್ ಯಿಂಬೊ ಮೀನು ಕರಿಯುವವಳು. ಹೆಸರು ರಿಸ್ಪಾ. ದೊಡ್ಡ ಸರೋವರದ ದಂಡೆಯ ಯಿಂಬೊದಲ್ಲಿ ಹುಟ್ಟಿದ್ದಕ್ಕೆ ನ್ಯಾರ್ ಯಿಂಬೊ, ಯಿಂಬೊದ ಮಗಳು ಎಂದು ಎಲ್ಲರೂ ಕರೆಯುತ್ತಿದ್ದರು. ದೊಡ್ಡ ಮೀನಿನ ಮಾಂಸ ವಿಮಾನ ಹತ್ತಿ ಬಿಳಿಯರ ದೇಶಕ್ಕೆ ಹೋಗುತ್ತದೆ. ತಲೆ ಮತ್ತು ಬೆನ್ನೆಲುಬು ನಮಗೆ. ಆ ಎಲುಬನ್ನು ಆಕೆ ಹಳಿಯ ಪಕ್ಕ ದೊಡ್ಡ ಬಾಣಲೆಯಲ್ಲಿ ಗರಿಗರಿ ಕರಿಯುತ್ತಿದ್ದಳು. ಮೂವತ್ತನಾಲ್ಕು ವರ್ಷ. ಮುಂಗೈ ತುಂಬ ಎಣ್ಣೆ ಸಿಡಿದ ಕಲೆ. ನನ್ನ ಅವ್ವ ಸತ್ತ ವರ್ಷ ನನಗೆ ಉಗಾಲಿ, ಅಂದರೆ ಜೋಳದ ಹಿಟ್ಟಿನ ಮುದ್ದೆ, ತಿರುವಿ ಹಾಕಿದವಳು ಅವಳು. ನಾನು ಅವಳನ್ನೂ ಅವ್ವ ಎಂದೇ ಕರೆಯುತ್ತಿದ್ದೆ.

ಆಕೆಯ ಕತೆ ನನಗೆ ಗೊತ್ತಿತ್ತು. ಮದುವೆಯಾಗಿ ಹೋದದ್ದು ಉಗೆನ್ಯಾಕ್ಕೆ. ಗಂಡ ಸತ್ತಾಗ ಆಕೆಗೆ ಇಪ್ಪತ್ತೆಂಟು, ಹೊಟ್ಟೆಯಲ್ಲಿ ಕೂಸು. ನಲವತ್ತು ದಿನ ಕಳೆಯುವುದರೊಳಗೆ ಗಂಡನ ಅಣ್ಣ ಬಂದು ಅವಳ ಬಾಗಿಲಿಗೆ ತನ್ನ ಕೋಲು ಒರಗಿಸಿದ. ಇನ್ನು ನೀನು ನನ್ನವಳು, ಇದು ಪದ್ಧತಿ ಎಂದು ಅದರ ಅರ್ಥ. ಆಕೆ ಕೋಲೆತ್ತಿ ಅಂಗಳಕ್ಕೆ ಎಸೆದಳು. ಅವತ್ತೇ ಅವಳ ಪಾತ್ರೆಗಳೂ ಅಂಗಳಕ್ಕೆ ಬಿದ್ದವು. ತಿರುಗಿ ಈ ಬೇಲಿ ದಾಟಬೇಡ ಎಂದರು. ತವರಿಗೆ ಹೋದರೆ, ಮದುವೆಯಾದವಳಿಗೆ ಇಲ್ಲಿ ಗುಂಡಿ ತೋಡುವುದಿಲ್ಲ ಎಂದರು. ಹಾಗೆ ರೇಲಿನಿಗೆ ಬಂದವಳು. ಕೂಸು ಇಲ್ಲಿ ಹುಟ್ಟಿತು, ಮೂರು ತಿಂಗಳಿಗೆ ಇಲ್ಲೇ ಹೋಯಿತು.

ಹದಿನೇಳನೆಯ ಪ್ರಶ್ನೆ ಕೇಳುವಾಗ ಎಲುಬು ಕೊಳ್ಳಲು ನಾಲ್ಕೈದು ಹೆಂಗಸರು ನಿಂತಿದ್ದರು.

"ಅವ್ವ, ಯಾವೂರು?"

"ಉಗೆನ್ಯಾ!" ಎಂದಳು, ಆಚೆ ಗಲ್ಲಿಗೂ ಕೇಳುವ ಹಾಗೆ.

ನಾನು ಹತ್ತಿರ ಬಗ್ಗಿ "ನಿಜ ಹೇಳವ್ವ, ಪರವಾಗಿಲ್ಲ. 'ಎಲ್ಲೂ ಇಲ್ಲ' ಅಂತನೂ ಒಂದೈತೆ ಇಲ್ಲಿ" ಎಂದೆ.

ಆಕೆ ಜಾಲರಿ ಸೌಟು ಎತ್ತಿ ನನ್ನ ಮುಖಕ್ಕೆ ಹಿಡಿದಳು. "ಯಾರ ಮುಂದೆ ಏನು ಕೇಳ್ತಿದೀಯ ಲೇ? ಊರಿಲ್ಲ ಅನ್ಲಾ ನಾನು? ನಾನೇನು ಬೀದಿನಾಯಾ? ಬರಿ. ಉಗೆನ್ಯಾ ಅಂತ ಬರಿ."

ಬರೆದೆ.

ಆರು ತಿಂಗಳಿಗೆ ನಕ್ಷೆ ಬಂತು. ಡಂಕನ್ ಮತ್ತೆ ಚರ್ಚಿನ ಗೋಡೆಯ ಮೇಲೆ ಬಿಟ್ಟ. ಹಸಿರು ಹೋಗಿತ್ತು. ಏಳುನೂರ ಹನ್ನೆರಡು ಕಿತ್ತಳೆ ಚುಕ್ಕಿ. ಚುಕ್ಕಿ ಮುಟ್ಟಿದರೆ ಆ ಮನೆಯ ಉತ್ತರಗಳೆಲ್ಲ ಬಿಚ್ಚಿಕೊಳ್ಳುತ್ತಿದ್ದವು. ಜನ ಎದ್ದೆದ್ದು ಹೋಗಿ ಗೋಡೆ ಮುಟ್ಟಿ "ಇದು ನಾನು, ಇದು ನಾನು" ಎಂದರು. ನ್ಯಾರ್ ಯಿಂಬೊ ತನ್ನ ಚುಕ್ಕಿಗೆ ಎಣ್ಣೆಗೈ ಒತ್ತಿದಳು, ಗೋಡೆಯ ಮೇಲೆ ಗುರುತಾಯಿತು. ಕೆಟ್ಟಿದ್ದ ನಲ್ಲಿ ಅದೇ ತಿಂಗಳು ರಿಪೇರಿಯಾಯಿತು. ಎರಡು ಹೊಸ ಕಕ್ಕಸು ಬಂದವು. ಇದನ್ನೂ ಹೇಳಬೇಕು, ಇಲ್ಲದಿದ್ದರೆ ನಾವು ಯಾಕೆ ನಂಬಿದೆವು ಎಂದು ನಿಮಗೆ ತಿಳಿಯುವುದಿಲ್ಲ.

ಮರುವರ್ಷ ಮೇ ತಿಂಗಳಲ್ಲಿ ಬಾಗಿಲುಗಳ ಮೇಲೆ ಕೆಂಪು ಬಣ್ಣದ ಕತ್ತರಿ ಗುರುತು ಬಿತ್ತು. ಹಳಿಯುದ್ದಕ್ಕೂ ದೊಡ್ಡ ರಸ್ತೆ ಬರುತ್ತದಂತೆ. ಸರ್ಕಾರದ ಪರವಾಗಿ ಕೇರಿ ನೋಡಿಕೊಳ್ಳುವ ಚೀಫ್ ಸಭೆ ಕರೆದ. ರಸ್ತೆ ಕಚೇರಿಯ ಅಧಿಕಾರಿಯೊಬ್ಬ ಕನ್ನಡಕ ಏರಿಸಿಕೊಂಡು ಕಾಗದ ಓದಿದ.

"ಬೇರೆ ಎಲ್ಲೂ ನೆಲೆ ಇಲ್ಲದವರಿಗೆ ಸರ್ಕಾರ ಹೊಸ ಕಟ್ಟಡದಲ್ಲಿ ಒಂದೊಂದು ಕೋಣೆ ಕೊಡುತ್ತೆ. ಅಂಥ ಮನೆ ಮೂವತ್ತೊಂದು. ಉಳಿದ ಆರುನೂರ ಎಂಬತ್ತೊಂದು ಮನೆಯವರಿಗೆ ಸ್ವಂತ ಊರಿದೆ. ಅವರಿಗೆ ಊರಿಗೆ ಹೋಗೋಕೆ ಬಸ್ ಟಿಕೆಟ್ಟು."

"ಯಾರಯ್ಯಾ ಹೇಳಿದ್ದು ನಿಂಗೆ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ನೀವೇ. ಎಲ್ಲಾ ವೆಬ್‌ಸೈಟಲ್ಲಿದೆ. ಹದಿನೇಳನೇ ಪ್ರಶ್ನೆ. ನಿಮ್ಮ ಬಾಯಲ್ಲೇ ಹೇಳಿದೀರಿ."

ಜನ ಒಬ್ಬೊಬ್ಬರಾಗಿ ತಿರುಗಿ ನನ್ನ ಕಡೆ ನೋಡಿದರು. ನಾನು ಅವತ್ತೂ ಹಳದಿ ಜಾಕೀಟು ಹಾಕಿಕೊಂಡು ಹೋಗಿದ್ದೆ.

ಆ ಮೂವತ್ತೊಂದು ಯಾರು ಎಂದು ಆಮೇಲೆ ಗೊತ್ತಾಯಿತು. ನಮ್ಮ ಜೊತೆಯ ಸೆರಾಳ ಫೋನು ಒಂದು ದಿನ ಕೆಟ್ಟಿತ್ತು. ಹದಿನೇಳಕ್ಕೆ ಏನು ಒತ್ತಿದರೂ ಹತ್ತಲಿಲ್ಲ, ಅವಳು ಹಾಗೇ ಮುಂದೆ ಹೋದಳು. ಖಾಲಿ ಬಿಟ್ಟದ್ದನ್ನು ಕಂಪ್ಯೂಟರು 'ಎಲ್ಲೂ ಇಲ್ಲ' ಎಂದು ಓದಿಕೊಂಡಿತು. ಆ ಮೂವತ್ತೊಂದರಲ್ಲಿ ಒಬ್ಬನಿಗೆ ಊರಿನಲ್ಲಿ ಹೆಂಚಿನ ಮನೆಯೂ ಆರು ಹಸುವೂ ಇದ್ದವು. ಫೋನು ಕೆಟ್ಟವರು ಗೆದ್ದರು, ಸರಿಯಾಗಿದ್ದವರು ಸೋತರು.

ನಾನು ಟೋವುತಿಗೆ ಓಡಿದೆ. "ನಮ್ಮ ಜನ ಹೇಳಿದ್ದನ್ನ ಅವರ ಕೈಗೆ ಯಾಕೆ ಕೊಟ್ರಿ ಸರ್?"

ಡಂಕನ್‌ನ ಕಣ್ಣು ಕೆಂಪಾಗಿದ್ದವು. "ನಾವು ಕೊಟ್ಟಿಲ್ಲ ಅಪೊಂಡಿ. ಅದು ತೆರೆದ ಮಾಹಿತಿ. ಯಾರು ಬೇಕಾದ್ರೂ ತಗೋಬಹುದು. ಅದೇ ಅದರ ಒಳ್ಳೇ ಗುಣ."

"ಬಾಗಿಲು ತೆಗೆದಿಟ್ಟು, ಕಳ್ಳ ತಾನಾಗೇ ಬಂದ ಅಂದಂಗಾಯ್ತು."

"ಇಂಗ್ಲಿಷಲ್ಲಿ ಪ್ರಶ್ನೆ ಸರಿಯಾಗೇ ಇತ್ತು..." ಎಂದವನು ಅಲ್ಲೇ ನಿಲ್ಲಿಸಿದ. ಮುಂದಿನ ಮಾತು ಇಬ್ಬರಿಗೂ ಗೊತ್ತಿತ್ತು. ಅದನ್ನು ಬದಲಿಸಿದವಳು ನಾನು.

ಅವನು ಅಧಿಕಾರಿಗಳ ಕಾಲು ಹಿಡಿದು ಒಂದು ದಿನ ಕೊಡಿಸಿದ. ಜುಲೈ ಮೊದಲ ಶುಕ್ರವಾರ ತಿದ್ದುಪಡಿ. ನಿಜವಾಗಿ ಊರಿಲ್ಲದವರು ಚೀಫ್ ಕಚೇರಿಗೆ ಬಂದು ಎಲ್ಲರೆದುರು ಬಾಯಿಬಿಟ್ಟು ಹಾಗೆಂದು ಹೇಳಬೇಕು. ಯಾರು ಮೊದಲು ಬರೆದುಕೊಂಡಿದ್ದರೋ ಅವರೇ ತಿದ್ದಬೇಕು. ಸುಳ್ಳಾದರೆ ಜೈಲು. ಶನಿವಾರ ಬುಲ್ಡೋಜರ್.

ಗುರುವಾರ ನಾನು ನ್ಯಾರ್ ಯಿಂಬೊ ಬಾಣಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತೆ.

"ಅವ್ವ, ನಿನ್ನ ಕಾಲಿಗೆ ಬೀಳ್ತೀನಿ. ಊರಿಲ್ಲ ಅಂದ್ರೆ ಸುಳ್ಳಾಗದೋಳು ಇಡೀ ಕೇರೀಲಿ ನೀನೊಬ್ಳೇ. ಉಗೆನ್ಯಾದೋರು ನಿನ್ನ ಸೇರಿಸಲ್ಲ. ಒಂದೇ ಮಾತು. ಊರಿಲ್ಲ ಅನ್ನು, ಕೋಣೆ ಸಿಗುತ್ತೆ. ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ತೀಯ?"

ಬಹಳ ಹೊತ್ತು ಎಲುಬು ಮಗುಚುತ್ತಿದ್ದಳು. "ಬರ್ತೀನಿ. ನಿಜಾನೇ ಹೇಳ್ತೀನಿ, ಹೋಗು" ಎಂದಳು.

ನನಗೆ ಸಮಾಧಾನವಾಯಿತು. ಆ ಸಮಾಧಾನ ನೆನೆದರೆ ಈಗ ಮೈ ಉರಿಯುತ್ತದೆ.

ಶುಕ್ರವಾರ ನಾಲ್ಕು ಮೇಜು ಹಾಕಿದ್ದರು. ನನ್ನ ಸಾಲಿನಲ್ಲಿ ಹತ್ತು ಜನ, ಮೊದಲನೆಯವಳು ನ್ಯಾರ್ ಯಿಂಬೊ. ಚರ್ಚಿಗೆ ಹಾಕುವ ನೀಲಿ ಗೌನು, ತಲೆಗೆ ಬಿಳಿ ವಸ್ತ್ರ. ಪಕ್ಕದ ಮೇಜಿನಲ್ಲಿ ಸೆರಾಳ ಮುಂದೆ ಅರವತ್ತರ ಗಂಡಸೊಬ್ಬ ಟೋಪಿ ತೆಗೆದು ಎದೆಗೆ ಹಿಡಿದು "ನಂಗೆ ಊರಿಲ್ಲ" ಎಂದ. ಜೋರಾಗಿ ಹೇಳು ಎಂದರು. ಮತ್ತೆ ಹೇಳಿದ. ಅವನ ಸೊಸೆ ಹೊದ್ದ ವಸ್ತ್ರದಿಂದ ಮುಖ ಮುಚ್ಚಿಕೊಂಡಳು.

ಅಧಿಕಾರಿ ನನ್ನ ಹಿಂದೆ ನಿಂತಿದ್ದ. "ಕೇಳಮ್ಮ" ಎಂದ.

"ಅವ್ವ, ಯಾವೂರು?"

"ರೇಲಿನಿ" ಎಂದಳು ನ್ಯಾರ್ ಯಿಂಬೊ.

ಅಧಿಕಾರಿ ನಕ್ಕ. "ಅದು ಊರಲ್ಲ ಅಜ್ಜಿ. ರಸ್ತೆ ಜಾಗ. ಉಗೆನ್ಯಾ ಅಲ್ಲ ತಾನೆ? ಹಾಗಾದ್ರೆ ಎಲ್ಲೂ ಇಲ್ಲ ಅನ್ನು."

"ಯಾಕನ್ಲಿ? ಮೂವತ್ನಾಲ್ಕು ವರ್ಷ ಇಲ್ಲಿ ಬೆಂದಿದೀನಿ. ನನ್ನ ಕೂಸಿನ ಬಳ್ಳಿ ಆ ಬಾಗಿಲ ಬುಡದಲ್ಲಿ ಹೂತಿದೀನಿ. ಬಳ್ಳಿ ಎಲ್ಲಿ ಹೂತೈತೋ ಅದು ಊರು. ಹೋದ ಸಲ ನಾಚಿಕೇಗೆ ಸುಳ್ಳು ಹೇಳ್ದೆ. ಇದು ನಿಜ. ಬರ್ಕೋ."

ಪಟ್ಟಿ ತೆರೆದೆ. ಬುಸಿಯಾ ಇತ್ತು, ಕಾಕಮೇಗ ಇತ್ತು, ನಾನು ಕಾಣದ ಇನ್ನೂರು ಊರಿದ್ದವು. ಕೊನೆಯಲ್ಲಿ 'ಎಲ್ಲೂ ಇಲ್ಲ'. ರೇಲಿನಿ ಇರಲಿಲ್ಲ. ಪಟ್ಟಿ ಮಾಡುವಾಗ ನಾನೂ ಅಲ್ಲಿದ್ದೆ. ಅದು ಇಲ್ಲ ಎಂದು ನನಗೂ ಹೊಳೆದಿರಲಿಲ್ಲ.

"ಪಟ್ಟೀಲಿಲ್ಲ ಅವ್ವ."

"ಸೇರಿಸು."

"ಸೇರ್ಸಕ್ಕಾಗಲ್ಲ ಅವ್ವ. 'ಎಲ್ಲೂ ಇಲ್ಲ' ಅಂತ ಒತ್ತಿದ್ರೆ ಕೋಣೆ..."

"ಮುಟ್ಟಬೇಡ ಅದನ್ನ" ಎಂದಳು. ಮೆತ್ತಗೆ. ಆಕೆ ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಎಲ್ರೂ ನನ್ನ 'ಇಲ್ಲ' ಅಂದ್ರು. ಉಗೆನ್ಯಾದಲ್ಲಿ ಅಂದ್ರು, ಯಿಂಬೊದಲ್ಲಿ ಅಂದ್ರು. ನೀನೂ ಅನ್ಬೇಡ."

ಹೊರಗೆ ಹಳಿಯ ಮೇಲೆ ಬುಲ್ಡೋಜರ್ ಹೊತ್ತ ಗಾಡಿ ಬಂದು ನಿಂತಿತ್ತು. ಈ ಮುದುಕಿಗೆ ಜಂಬಕ್ಕಿಂತ ಒಂದು ಸೂರು ಮುಖ್ಯ, ಇಂದು ಬೈದರೂ ನಾಳೆ ಒಪ್ಪಿಕೊಳ್ಳುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಒತ್ತಿದೆ. 'ಎಲ್ಲೂ ಇಲ್ಲ'. ಆಕೆ ನೋಡುತ್ತಲೇ ಇದ್ದಳು.

ಪರದೆಯ ಮೇಲೆ ಒಂದು ಚೌಕ ಬಂತು. ಬರೆದುಕೊಂಡವರು ಹೆಬ್ಬೆಟ್ಟು ಒತ್ತಿ ಖಚಿತಪಡಿಸಬೇಕು.

ಅದು ನನ್ನ ಹಳೆಯ ಫೋನಲ್ಲ. ಕಚೇರಿಯ ಹೊಸ ಯಂತ್ರ. ಗುಟ್ಟಿನ ನಂಬರಿಗೆ ಅಲ್ಲಿ ಜಾಗವಿರಲಿಲ್ಲ.

ಒತ್ತಿದೆ. ಗುರ್. ನನ್ನ ಗೌನಿಗೆ ಒರೆಸಿ ಒತ್ತಿದೆ. ಗುರ್. ಉಸಿರು ಬಿಟ್ಟು ಒತ್ತಿದೆ. ನೆಕ್ಕಿ ಒತ್ತಿದೆ. ಎಡಗೈ. ತೋರುಬೆರಳು. ಒಬ್ಬಳು ಸಾಲಿನಿಂದ ಓಡಿಬಂದು ಬೆರಳಿಗೆ ಎಣ್ಣೆ ಸವರಿದಳು. ಗುರ್. ಹಣೆಯಿಂದ ಬೆವರು ಯಂತ್ರದ ಮೇಲೆ ತೊಟ್ಟಿಕ್ಕಿತು. ಬೆರಳ ತುದಿ ಒಡೆದು ರಕ್ತ ಬರುವ ತನಕ ಮೇಜಿನ ಅಂಚಿಗೆ ತಿಕ್ಕಿದೆ. ರಕ್ತದ ಬೆರಳನ್ನೂ ಅದು ಗುರುತಿಸಲಿಲ್ಲ.

"ಬೆರಳೇ ಇಲ್ಲದೋಳನ್ನ ಯಾರಯ್ಯಾ ಕೂರ್ಸಿದ್ದು ಇಲ್ಲಿ?" ಎಂದ ಅಧಿಕಾರಿ.

ಫೋನಿನಲ್ಲಿ ಡಂಕನ್ "ಸೋಮವಾರ ಸರಿ ಮಾಡಿಸ್ತೀನಿ, ಖಂಡಿತ" ಎಂದ. ಸೋಮವಾರಕ್ಕೆ ನೆಲ ಮಾತ್ರ ಇರುತ್ತದೆ ಎಂದು ಅವನಿಗೂ ಗೊತ್ತಿತ್ತು. ನನ್ನ ಸಾಲಿನ ಹತ್ತೂ ಜನರ ತಿದ್ದುಪಡಿ ನಿಂತಿತು.

ನ್ಯಾರ್ ಯಿಂಬೊ ತಲೆವಸ್ತ್ರ ಬಿಗಿದುಕೊಂಡಳು. "ಇದೀನಿ ಅಂತ ಮುಂದೆ ನಿಂತು ಹೇಳ್ತಿದೀನಿ. ನೀನು ಇಲ್ಲ ಅಂತ ಒತ್ತಿಬಿಟ್ಯಲ್ಲ" ಎಂದಳು. ನನ್ನೊಡನೆ ಆಕೆ ಆಡಿದ ಕೊನೆಯ ಮಾತು ಅದು.

ಶನಿವಾರ ಹೊತ್ತು ಮೂಡುವಾಗ ಶುರುವಾಗಿ ಮಧ್ಯಾಹ್ನದೊಳಗೆ ಮುಗಿಯಿತು. ತಗಡು ಬೀಳುವ ಸದ್ದು ಅಷ್ಟು ಜೋರೆಂದು ನನಗೆ ಗೊತ್ತಿರಲಿಲ್ಲ. ನ್ಯಾರ್ ಯಿಂಬೊ ತನ್ನ ಬಾಗಿಲಲ್ಲಿ ಬಾಣಲೆ ಅವುಚಿಕೊಂಡು ಕೂತಳು. ಇಬ್ಬರು ಪೊಲೀಸರು ಕಂಕುಳಿಗೆ ಕೈಹಾಕಿ ಎತ್ತಿ ಈಚೆ ಇಟ್ಟರು. ನಾನು ಅಡ್ಡ ಹೋದೆ. ಲಾಠಿ ಮೊಣಕೈಗೆ ಬಿತ್ತು. ಬುಲ್ಡೋಜರ್ ಆ ಬಾಗಿಲ ಬುಡದ ಮಣ್ಣನ್ನೂ ಎರಡಡಿ ತೋಡಿ ಗಾಡಿಗೆ ತುಂಬಿತು.

ಬಸ್ ಟಿಕೆಟ್ಟನ್ನು ಆಕೆ ಒಲೆಗೆ ಹಾಕಿದಳು. ಅಗೆದ ನೆಲದ ಅಂಚಿನಲ್ಲೇ ನಾಲ್ಕು ಕೋಲು ನೆಟ್ಟು ಪ್ಲಾಸ್ಟಿಕ್ ಹೊದಿಸಿದಳು. ಜುಲೈ ಚಳಿ. ಕೆಮ್ಮು ಎದೆಗಿಳಿಯಿತು. ನಾನು ಗಂಜಿ ಒಯ್ದರೆ ಮುಖ ಆ ಕಡೆ ತಿರುಗಿಸುತ್ತಿದ್ದಳು. ಅದೇ ಗಂಜಿಯನ್ನು ಸೆರಾಳ ಕೈಯಲ್ಲಿ ಕಳಿಸಿದರೆ ಕುಡಿಯುತ್ತಿದ್ದಳು. ಹನ್ನೊಂದನೆಯ ದಿನ ಸೆರಾ ತುಂಬಿದ ಲೋಟವನ್ನೇ ವಾಪಸು ತಂದಳು.

ಉಗೆನ್ಯಾದಿಂದ ಜನ ಬಂದರು. ಬದುಕಿದ್ದಾಗ ಬೇಲಿ ದಾಟಲು ಬಿಡದವರು ಹೆಣಕ್ಕೆ ಗಾಡಿ ಮಾಡಿಕೊಂಡು ಬಂದರು. ಹೆಂಗಸರು ಎದೆ ಬಡಿದುಕೊಂಡು ಕ್ರಮವಾಗಿ ಅತ್ತರು. ಕೋಲು ಒರಗಿಸಿದ್ದ ಆ ಭಾವನೂ ಬಂದಿದ್ದ. ಈಗ ಹಣ್ಣು ಮುದುಕ, ಕೋಲು ಊರಿಕೊಂಡೇ ನಡೆಯುತ್ತಿದ್ದ.

ನಾನು ಗಾಡಿಯ ಬಾಗಿಲಿಗೆ ಅಡ್ಡ ನಿಂತೆ. "ಆಕೆ ತನ್ನೂರು ಇದೇ ಅಂದಿದ್ಲು. ಎಲ್ರ ಮುಂದೆ ಅಂದಿದ್ಲು."

"ಹೆಂಗಸಿನ ಊರು ಯಾವ್ದು ಅಂತ ಹೆಂಗಸು ಹೇಳಲ್ಲಮ್ಮ" ಎಂದ ಮುದುಕ, ಕೋಪವಿಲ್ಲದೆ. "ಅವಳ ಗಂಡನ ಅಂಗಳದಲ್ಲಿ ಎಡಕ್ಕೆ ಗುಂಡಿ ತೋಡಿ ಬಂದಿದೀವಿ. ಇಲ್ಲೇ ಅಂತೀಯಲ್ಲ, ಎಲ್ಲಿ ಹೂಳ್ತೀಯ? ರಸ್ತೆ ಕೆಳಗಾ?"

ಪಕ್ಕಕ್ಕೆ ಸರಿದೆ.

ನಾನೀಗ ಬೇರೆ ಕೇರಿಯಲ್ಲಿದ್ದೇನೆ. ಗೋಡೆ ಬುಡ ಮಾತ್ರ ಅದೇ. ತಿಂಗಳ ಮೇಲೆ ಒಂದು ದಿನ ಫ್ಲಾಟಿನವರ ಕಂಬಳಿ ತುಳಿಯುತ್ತಿದ್ದಾಗ ಫೋನು ಬಂತು. ಟೋವುತಿಯ ಹೊಸ ಹುಡುಗಿ.

"ಮೇಡಂ, ನೀವು ಬರೆದುಕೊಂಡಿದ್ದ ಮನೆಗಳ ಬಗ್ಗೆ. ರಿಸ್ಪಾ ಅನ್ನೋರು ಉಗೆನ್ಯಾ ಸೇರಿದ್ರಾ? ಹೌದು ಅಥವಾ ಇಲ್ಲ ಅಂತ ಹೇಳಿ ಸಾಕು."

"ಹೆಣ ಸೇರಿದೆ."

"ಅಯ್ಯೋ, ಪಾಪ. ಹಾಗಾದ್ರೆ... ಹೌದು ಅಂತ ಹಾಕ್ಲಾ?"

"ಹಾಕಬೇಡ."

"ಇಲ್ಲ ಅಂತ ಹಾಕ್ಲಾ?"

"ಅದನ್ನೂ ಹಾಕಬೇಡ. ರೇಲಿನಿ ಅಂತ ಬರಿ. ಆಕೆ ಊರು ರೇಲಿನಿ."

"ಅದು ಪಟ್ಟೀಲಿಲ್ಲ ಮೇಡಂ."

"ಹಂಗಾರೆ ನಾನು ಹೇಳಲ್ಲ. ಏನು ಮಾಡ್ಕೋತಿಯೋ ಮಾಡ್ಕೋ."

ಭಾನುವಾರ ಸೆರಾಳ ಫೋನಿನಲ್ಲಿ ನಕ್ಷೆ ತೆಗೆಸಿ ನೋಡಿದೆ. ರೇಲಿನಿ ಇದ್ದಲ್ಲಿ ಅಗಲವಾದ ಬೂದು ಗೆರೆ. ನಮ್ಮ ಚುಕ್ಕಿಗಳೆಲ್ಲ ದೇಶದ ಮೂಲೆ ಮೂಲೆಗೆ ಎದ್ದು ಹೋಗಿ ಹಸಿರಾಗಿದ್ದವು. ಉಗೆನ್ಯಾದಲ್ಲೂ ಒಂದು. ಮುಟ್ಟಿದೆ. ರಿಸ್ಪಾ, ಒಬ್ಬರೇ, ಮೀನು ವ್ಯಾಪಾರ, ಸುರಕ್ಷಿತವಾಗಿ ಊರು ಸೇರಿದ್ದಾರೆ.

ಕಲೆ ತೆಗೆಯುವುದೇ ನನ್ನ ಕಸುಬು. ಹೆಬ್ಬೆರಳಿನಿಂದ ಆ ಚುಕ್ಕಿಯನ್ನು ಉಜ್ಜಿದೆ. ಉಜ್ಜಿದ ಹಾಗೆಲ್ಲ ನಕ್ಷೆಯೇ ಅತ್ತಿತ್ತ ಜಾರಿತು. ಚುಕ್ಕಿ ಹೋಗಲಿಲ್ಲ.